ಸಟ್ಟನ್ ಹೂ: ರೆಡ್ವಾಲ್ಡ್ ದೊರೆಯನ್ನು ಹುಡುಕಿಕೊಂಡು ಹೋಗುವವರಿಗೆ ಒಂದು ವಿಮರ್ಶೆ

ಇಂಗ್ಲೆಂಡಿನ ಪೂರ್ವಕ್ಕಿರುವ ಸಫೊಕ್ ಪ್ರಾಂತದಲ್ಲಿ, ವುಡ್‌ಬ್ರಿಜ್ ಪಟ್ಟಣಕ್ಕೆ ಎದುರಾಗಿ, ಡೆಬೆನ್ ನದಿಯ ಆಚೆ ದಂಡೆಯ ಏರಿನ ಮೇಲೆ ಸಟ್ಟನ್ ಹೂ ಎಂಬ ಸಮಾಧಿ ಕ್ಷೇತ್ರವಿದೆ. ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆ ಇದನ್ನು ನೋಡಿಕೊಳ್ಳುತ್ತದೆ. ಇಲ್ಲಿಗೆ ಬರುವವರಲ್ಲಿ ಹೆಚ್ಚಿನವರು 1939ರಲ್ಲಿ ಮಣ್ಣಿನಡಿ ದೊರೆತ ಹಡಗು ಮತ್ತು ನಿಧಿಯ ಕಥೆಯನ್ನು ಕೇಳಿ ಬರುತ್ತಾರೆ. ನನ್ನ ಆಸಕ್ತಿ ಆ ನಿಧಿಯ ಒಡೆಯನೆಂದು ಬಹುಪಾಲು ವಿದ್ವಾಂಸರು ಭಾವಿಸುವ ಅರಸನ ಮೇಲೆ ನೆಟ್ಟಿತ್ತು. ಏಳನೆಯ ಶತಮಾನದ ಮೊದಲ ಕಾಲುಭಾಗದಲ್ಲಿ ಈಸ್ಟ್ ಆಂಗ್ಲಿಯಾ ರಾಜ್ಯವನ್ನು ಆಳಿ, ಸುಮಾರು 624ರಲ್ಲಿ ತೀರಿಕೊಂಡ ರೆಡ್ವಾಲ್ಡನೇ ಆ ಅರಸ. ಟಿಕೆಟ್ ಕೊಂಡು ಒಳಹೊಕ್ಕವರಿಗೆ ಈ ದೊರೆಯ ಬಾಳು ಮತ್ತು ಆಳ್ವಿಕೆ ಎಷ್ಟರ ಮಟ್ಟಿಗೆ ತಿಳಿಯುತ್ತವೆ ಎಂಬ ಒಂದೇ ಪ್ರಶ್ನೆಯನ್ನು ಇಟ್ಟುಕೊಂಡು ಈ ಸ್ಥಳವನ್ನು ಇಲ್ಲಿ ಅಳೆಯುತ್ತಿದ್ದೇನೆ. ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ: ಅವನ ಬಲ ಎಷ್ಟಿತ್ತೆಂಬುದು ಇಲ್ಲಿ ಬೇರೆಲ್ಲಿಗಿಂತಲೂ ಚೆನ್ನಾಗಿ ಕಾಣುತ್ತದೆ, ಆದರೆ ಅವನು ಎಂಥವನಾಗಿದ್ದನೆಂಬುದನ್ನು ತಿಳಿಯಬೇಕಾದರೆ ಬೀಡ್ ಎಂಬ ಸನ್ಯಾಸಿ 731ರಲ್ಲಿ ಬರೆದು ಮುಗಿಸಿದ ಇಂಗ್ಲಿಷ್ ಜನರ ಧರ್ಮಚರಿತ್ರೆಯನ್ನು ಓದಿಕೊಂಡೇ ಬರಬೇಕು.

ಕ್ಷೇತ್ರದಲ್ಲಿ ಸುಮಾರು 18 ದಿಬ್ಬಗಳಿವೆ. ಶತಮಾನಗಳ ಉಳುಮೆ ಮತ್ತು ಮಳೆಗಾಳಿಗೆ ಸಿಕ್ಕಿ ಅವುಗಳಲ್ಲಿ ಹೆಚ್ಚಿನವು ತಗ್ಗಿಹೋಗಿರುವುದರಿಂದ, ದೊಡ್ಡದೇನನ್ನೋ ನಿರೀಕ್ಷಿಸಿ ಬಂದವರಿಗೆ ಮೊದಲ ನೋಟದಲ್ಲಿ ಹುಲ್ಲು ಬೆಳೆದ ಉಬ್ಬುನೆಲ ಮಾತ್ರ ಕಾಣುತ್ತದೆ. ಈ ಕೊರತೆಯನ್ನು ತುಂಬಲು ಎರಡು ಏರ್ಪಾಡುಗಳಿವೆ, ಎರಡೂ ಮೆಚ್ಚತಕ್ಕವು. ಒಂದನೆಯದು, ಎರಡನೇ ಸಂಖ್ಯೆಯ ದಿಬ್ಬವನ್ನು ಮೂಲದಲ್ಲಿ ಇದ್ದಿರಬಹುದಾದ ಎತ್ತರಕ್ಕೆ ಮತ್ತೆ ಕಟ್ಟಿರುವುದು. ಅದರ ಪಕ್ಕದಲ್ಲಿ ನಿಂತಾಗ, ನದಿಯಲ್ಲಿ ಬರುವ ದೋಣಿಗಳ ಕಣ್ಣಿಗೆ ಬೀಳುವಂತೆ ಒಂದು ರಾಜವಂಶ ತನ್ನ ಸತ್ತವರನ್ನು ಬಾನಂಚಿಗೆ ಏರಿಸಿತ್ತೆಂಬುದು ಮನಸ್ಸಿಗೆ ಇಳಿಯುತ್ತದೆ. ಎರಡನೆಯದು 2021ರಲ್ಲಿ ತೆರೆದ, 17 ಮೀಟರ್ ಎತ್ತರದ ವೀಕ್ಷಣಾ ಗೋಪುರ. ನೆಲದಲ್ಲಿ ನಿಂತಾಗ ಬಿಡಿಬಿಡಿಯಾಗಿ ತೋರುವ ದಿಬ್ಬಗಳು ಮೇಲಿನಿಂದ ಒಂದು ಗುಂಪಾಗಿ, ಒಂದು ಕುಲದ ಸಮಾಧಿ ಸಾಲಾಗಿ ಕಾಣಿಸುತ್ತವೆ. ಮೆಟ್ಟಿಲು ಹತ್ತಲು ಶಕ್ತಿಯಿರುವವರು ಇದನ್ನು ಬಿಡಬಾರದು.

ಪ್ರದರ್ಶನ ಮಂದಿರದ ಎದುರಿನ ಅಂಗಳದಲ್ಲಿ ಹಡಗಿನ ಪೂರ್ಣ ಅಳತೆಯ ಉಕ್ಕಿನ ಶಿಲ್ಪವಿದೆ. ಇದು 2019ರ ನವೀಕರಣದ ಕೊಡುಗೆ. 27 ಮೀಟರ್ ಉದ್ದವೆಂದು ಓದಿದಾಗ ಅದು ಬರಿಯ ಅಂಕಿಯಾಗಿ ಉಳಿಯುತ್ತದೆ. ಆ ಶಿಲ್ಪದ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದಾಗ, ಇಷ್ಟು ದೊಡ್ಡ ಹಡಗನ್ನು ನದಿಯಿಂದ ಏರಿನ ಮೇಲಕ್ಕೆ ಎಳೆದು ತಂದು, ಕಂದಕಕ್ಕೆ ಇಳಿಸಿ, ನಡುವೆ ಮರದ ಕೋಣೆ ಕಟ್ಟಿ, ಮೇಲೆ ಮಣ್ಣು ಪೇರಿಸಲು ಎಷ್ಟು ಜನರ ದುಡಿಮೆ ಬೇಕಾಗಿತ್ತು ಎಂಬ ಯೋಚನೆ ತಾನಾಗಿ ಬರುತ್ತದೆ. ಆ ಹಡಗಿನ ಮರ ಒಂದಿಷ್ಟೂ ಉಳಿದಿರಲಿಲ್ಲ. ಸಫೊಕ್‌ನ ಆಮ್ಲೀಯ ಮರಳು ಮರವನ್ನು ತಿಂದುಹಾಕಿ, ಹಲಗೆಗಳ ಅಚ್ಚನ್ನೂ ಸಾಲುಸಾಲಾದ ಕಬ್ಬಿಣದ ಮೊಳೆಗಳನ್ನೂ ಮಾತ್ರ ಬಿಟ್ಟಿತ್ತು. ಭೂಮಿಯ ಒಡತಿ ಎಡಿತ್ ಪ್ರೆಟಿಯವರ ಕೋರಿಕೆಯಂತೆ ಅಗೆಯುತ್ತಿದ್ದ ಬೇಸಿಲ್ ಬ್ರೌನ್, ಯಾವ ವಿಶ್ವವಿದ್ಯಾಲಯದಲ್ಲೂ ಓದದೆ ತಾವೇ ವಿದ್ಯೆ ಸಂಪಾದಿಸಿಕೊಂಡವರು. 1939ರ ಮೇ ತಿಂಗಳಲ್ಲಿ ಮೊದಲ ಮೊಳೆ ಕಂಡಾಗ ಅವರು ಅದನ್ನು ಕಿತ್ತುಹಾಕದೆ, ಪ್ರತಿಯೊಂದು ಮೊಳೆಯನ್ನೂ ಇದ್ದಲ್ಲೇ ಬಿಟ್ಟು ಮರಳನ್ನು ಮಾತ್ರ ತೆಗೆಯುತ್ತ ಹೋದರು. ಹಡಗಿನ ಆಕಾರ ಉಳಿದದ್ದು ಆ ತಾಳ್ಮೆಯಿಂದ. ಹಿಂದಿನ ಶತಮಾನಗಳ ನಿಧಿಗಳ್ಳರು ಇದೇ ದಿಬ್ಬಕ್ಕೆ ಕೈಹಾಕಿದ್ದರು. ಆದರೆ ಉಳುಮೆಯಿಂದ ದಿಬ್ಬದ ಒಂದು ಬದಿ ಕತ್ತರಿಸಿಹೋಗಿದ್ದ ಕಾರಣ, ಅವರು ಮಧ್ಯವೆಂದು ತಿಳಿದು ಅಗೆದ ಜಾಗ ನಿಜವಾದ ಮಧ್ಯವಾಗಿರಲಿಲ್ಲ.

ಹಡಗಿನ ನಡುವಿನ ಕೋಣೆಯಲ್ಲಿ ದೇಹವೂ ಸಿಗಲಿಲ್ಲ, ಹೆಸರೂ ಸಿಗಲಿಲ್ಲ. ಆದ್ದರಿಂದ ಇದು ರೆಡ್ವಾಲ್ಡನ ಸಮಾಧಿ ಎಂಬುದು ಸಾಬೀತಾದ ಸಂಗತಿಯಲ್ಲ, ಬಲವಾದ ಅನುಮಾನ. ಕೋಣೆಯಲ್ಲಿ ದೊರೆತ 37 ಚಿನ್ನದ ನಾಣ್ಯಗಳು ಫ್ರಾಂಕರ ನಾಡಿನ (ಇಂದಿನ ಫ್ರಾನ್ಸ್ ಮತ್ತು ಅದರ ಸುತ್ತಲಿನ ಪ್ರದೇಶ) ಬೇರೆ ಬೇರೆ ಟಂಕಸಾಲೆಗಳಲ್ಲಿ ಅಚ್ಚಾದವು, ಮತ್ತು ಅವುಗಳ ಕಾಲ ಅವನ ಮರಣದ ಕಾಲಕ್ಕೆ ಹೊಂದುತ್ತದೆ. ಆ ಹೊತ್ತಿನಲ್ಲಿ ಈ ನಾಡಿನಲ್ಲಿ ಇಷ್ಟು ಸಂಪತ್ತನ್ನು ಮಣ್ಣಿಗೆ ಕೊಡಬಲ್ಲ ಬೇರೊಬ್ಬ ಅರಸನನ್ನು ಹೆಸರಿಸುವುದೂ ಕಷ್ಟ. ಅವನ ಮಗ ಎಯೋರ್ಪ್‌ವಾಲ್ಡ್, ನಂತರ ಆಳಿದ ಸಿಗೆಬರ್ಟ್, ನೆರೆಯ ಎಸೆಕ್ಸ್‌ನ ಸೇಬರ್ಟ್ ಇವರ ಹೆಸರುಗಳನ್ನೂ ವಿದ್ವಾಂಸರು ಮುಂದಿಟ್ಟಿದ್ದಾರೆ. ನನ್ನ ಒಲವು ರೆಡ್ವಾಲ್ಡನ ಕಡೆಗೇ ಇದೆ. ಅದಕ್ಕೆ ಕಾರಣ ನಾಣ್ಯಗಳಿಗಿಂತ ಹೆಚ್ಚಾಗಿ ಆ ಕೋಣೆಯಲ್ಲಿದ್ದ ವಸ್ತುಗಳ ಬೆರಕೆ.

ಬೀಡ್ ಹೇಳುವ ಪ್ರಕಾರ, ರೆಡ್ವಾಲ್ಡ್ ಕೆಂಟ್ ರಾಜ್ಯಕ್ಕೆ ಹೋಗಿದ್ದಾಗ ಕ್ರೈಸ್ತ ದೀಕ್ಷೆ ಪಡೆದನು. ಆಗ ಕೆಂಟ್‌ನ ಅರಸ ಎಥೆಲ್‌ಬರ್ಟ್ ದಕ್ಷಿಣದ ಅರಸರೆಲ್ಲರ ಮೇಲೆ ಅಧಿಕಾರ ಹೊಂದಿದ್ದನು. ಅವನ ರಾಜ್ಯದಲ್ಲಿ ದೀಕ್ಷೆ ಪಡೆಯುವುದೆಂದರೆ ಅವನ ಹಿರಿತನಕ್ಕೆ ತಲೆಬಾಗುವುದೂ ಆಗಿತ್ತೆಂದು ನನಗೆ ತೋರುತ್ತದೆ. ಊರಿಗೆ ಮರಳಿದ ಮೇಲೆ ರಾಣಿಯೂ ಕೆಲವು ಸಲಹೆಗಾರರೂ ಅವನ ಮನಸ್ಸನ್ನು ತಿರುಗಿಸಿದರು. ಅವನು ಹೊಸ ದೇವರನ್ನು ಕೈಬಿಡಲೂ ಇಲ್ಲ, ಹಳೆಯ ದೇವರುಗಳನ್ನು ಹೊರಗಟ್ಟಲೂ ಇಲ್ಲ: ಒಂದೇ ಗುಡಿಯಲ್ಲಿ ಕ್ರಿಸ್ತನಿಗೊಂದು ಬಲಿಪೀಠವನ್ನೂ ಹಳೆಯ ದೇವತೆಗಳಿಗೊಂದು ಚಿಕ್ಕ ಪೀಠವನ್ನೂ ಇರಿಸಿದನು. ಆ ಗುಡಿಯನ್ನು ತಾನು ಹುಡುಗನಾಗಿದ್ದಾಗ ಕಂಡಿದ್ದುದಾಗಿ ಅದೇ ವಂಶದ ಆಲ್ಡ್‌ವುಲ್ಫ್ ಅರಸ ಹೇಳುತ್ತಿದ್ದನೆಂದು ಬೀಡ್ ದಾಖಲಿಸಿದ್ದಾನೆ. ಮಠದಲ್ಲಿ ಬೆಳೆದ ಬೀಡ್‌ಗೆ ಇದು ಧರ್ಮದ್ರೋಹವಾಗಿ ಕಂಡಿತು. ನನಗೆ ಇದರಲ್ಲಿ ಎರಡು ಕಾಲಗಳ ನಡುವೆ ಸಿಕ್ಕಿಕೊಂಡು, ತನ್ನ ಜನರನ್ನೂ ತನ್ನ ಮನೆಯನ್ನೂ ಒಡೆಯದೆ ನಡೆಸಬೇಕಾಗಿದ್ದ ಒಬ್ಬ ಆಳುವವನ ಎಚ್ಚರ ಕಾಣುತ್ತದೆ.

ಸಮಾಧಿಯ ವಸ್ತುಗಳು ಇದೇ ಮಾತನ್ನು ಆಡುತ್ತವೆ. ಪೂರ್ವದ ರೋಮನ್ ಸಾಮ್ರಾಜ್ಯದ ಕಡೆಯಿಂದ ಬಂದ ಎರಡು ಬೆಳ್ಳಿ ಚಮಚಗಳ ಮೇಲೆ ಗ್ರೀಕ್ ಲಿಪಿಯಲ್ಲಿ ಹೆಸರುಗಳಿವೆ. ಒಂದು ಸ್ಪಷ್ಟವಾಗಿ ಕ್ರೈಸ್ತ ಸಂತ ಪೌಲನದು, ಇನ್ನೊಂದನ್ನು ಸೌಲನದೆಂದು, ಅಂದರೆ ಅದೇ ಸಂತನಿಗೆ ಮತಾಂತರಕ್ಕೆ ಮೊದಲಿದ್ದ ಹೆಸರೆಂದು, ಹಲವರು ಓದುತ್ತಾರೆ. ಆದರೆ ಆ ಚಮಚಗಳನ್ನು ಇರಿಸಿದ್ದು ಹಡಗಿನೊಳಗೆ, ಕತ್ತಿ, ಗುರಾಣಿ, ಊಟದ ಪಾತ್ರೆ, ಲೈರ್ ವಾದ್ಯಗಳ ಜೊತೆಗೆ, ಕ್ರೈಸ್ತ ಸಮಾಧಿಗಳಲ್ಲಿ ಕಾಣದ ಹಳೆಯ ಕ್ರಮದಲ್ಲಿ. ಶಿರಸ್ತ್ರಾಣದ ಒಂದು ಹುಬ್ಬಿನ ಕೆಂಪು ಗಾರ್ನೆಟ್ ಕಲ್ಲುಗಳ ಹಿಂದೆ ಹೊಳಪಿಗಾಗಿ ಚಿನ್ನದ ತಗಡಿದೆ, ಇನ್ನೊಂದರ ಹಿಂದೆ ಇಲ್ಲ; ದೀಪದ ಬೆಳಕಿನಲ್ಲಿ ಒಂದೇ ಕಣ್ಣು ಹೊಳೆಯುವಂತೆ ಮಾಡಿ ಒಕ್ಕಣ್ಣಿನ ವೋಡನ್ ದೇವನನ್ನು ನೆನಪಿಸುವುದೇ ಇದರ ಉದ್ದೇಶವೆಂದು ಕೆಲವು ಸಂಶೋಧಕರು ವಾದಿಸುತ್ತಾರೆ. ಪ್ರದರ್ಶನ ಮಂದಿರದಲ್ಲಿ ಇಂಥ ವಸ್ತುಗಳ ಪ್ರತಿಕೃತಿಗಳನ್ನು ಬಹಳ ಅಕ್ಕರೆಯಿಂದ ಮಾಡಿಟ್ಟಿದ್ದಾರೆ. ತುಕ್ಕು ಹಿಡಿದ ಮೂಲಕ್ಕಿಂತ ಹೊಸದಾಗಿ ಥಳಥಳಿಸುವ ಶಿರಸ್ತ್ರಾಣವೇ ಅಂದಿನ ಜನ ಕಂಡದ್ದಕ್ಕೆ ಹತ್ತಿರ ಎಂಬ ಕಾರಣಕ್ಕೆ, ಪ್ರತಿಕೃತಿ ಎಂದು ಮೂಗು ಮುರಿಯುವವರ ಜೊತೆ ನಾನು ನಿಲ್ಲಲಾರೆ.

ಆದರೂ ರೆಡ್ವಾಲ್ಡನ ಆಳ್ವಿಕೆಯ ಅತಿ ಮುಖ್ಯ ಘಟನೆಗೆ ಇಲ್ಲಿನ ಮಣ್ಣು ಸಾಕ್ಷಿ ಹೇಳಲಾರದು. ನಾರ್ಥಂಬ್ರಿಯಾದ ಬಲಿಷ್ಠ ಅರಸ ಎಥೆಲ್‌ಫ್ರಿತ್‌ನಿಂದ ಅಟ್ಟಿಸಿಕೊಂಡ ರಾಜಕುಮಾರ ಎಡ್ವಿನ್ ಊರೂರು ಅಲೆದು ಕೊನೆಗೆ ರೆಡ್ವಾಲ್ಡನ ಮರೆಹೊಕ್ಕನು. ಅವನನ್ನು ಕೊಲ್ಲಿಸಿದರೆ ಬೆಳ್ಳಿ ಕೊಡುವುದಾಗಿ ಎಥೆಲ್‌ಫ್ರಿತ್ ದೂತರನ್ನು ಕಳುಹಿಸಿದನು. ಮೊದಲ ಬಾರಿ ಫಲಿಸಲಿಲ್ಲ, ಎರಡನೆಯ ಬಾರಿಯೂ ಇಲ್ಲ. ಮತ್ತೆ ಇನ್ನೂ ಹೆಚ್ಚಿನ ಹಣದ ಆಸೆಯೊಂದಿಗೆ ಯುದ್ಧದ ಬೆದರಿಕೆಯೂ ಬಂದಾಗ ರೆಡ್ವಾಲ್ಡ್ ಒಪ್ಪಿಬಿಟ್ಟನು. ಅಂದಿನ ರಾತ್ರಿ ಒಬ್ಬ ಗೆಳೆಯ ಬಂದು ಎಡ್ವಿನ್‌ನನ್ನು ಹೊರಗೆ ಕರೆದು, ಅರಸನ ಮನಸ್ಸು ಬದಲಾದುದನ್ನು ತಿಳಿಸಿ, ತಪ್ಪಿಸಿಕೊಂಡು ಹೋಗಲು ದಾರಿ ತೋರಿಸುವೆನೆಂದನು. ತನಗೆ ಈವರೆಗೆ ಕೇಡು ಮಾಡದ ಅರಸನಿಗೆ ಕೊಟ್ಟ ಮಾತನ್ನು ತಾನಾಗಿ ಮುರಿಯಲಾರೆ, ಸಾಯುವುದೇ ಆದರೆ ಅವನ ಕೈಯಿಂದಲೇ ಸಾಯುವೆ ಎಂದು ಎಡ್ವಿನ್ ಅಲ್ಲೇ ಕುಳಿತನು. ಒಳಗೆ ರೆಡ್ವಾಲ್ಡ್ ತನ್ನ ನಿರ್ಧಾರವನ್ನು ರಾಣಿಗೆ ತಿಳಿಸಿದಾಗ ಅವಳು ತಡೆದಳು. ಕಷ್ಟದಲ್ಲಿರುವ ಗೆಳೆಯನನ್ನು ಚಿನ್ನಕ್ಕೆ ಮಾರುವುದು ಇಷ್ಟು ದೊಡ್ಡ ಅರಸನಿಗೆ ತಕ್ಕದ್ದಲ್ಲ, ಎಲ್ಲ ಆಭರಣಗಳಿಗಿಂತ ಬೆಲೆಯುಳ್ಳ ಮಾನವನ್ನು ಹಣದಾಸೆಗೆ ಕಳೆದುಕೊಳ್ಳಬಾರದು ಎಂಬುದು ಅವಳು ಹೇಳಿದ ಮಾತಿನ ಸಾರ.

ಅರಸನು ಕೇಳಿದನು. ದೂತರು ಬರಿಗೈಯಲ್ಲಿ ಹಿಂದಿರುಗಿದರು, ಮತ್ತು ಎಥೆಲ್‌ಫ್ರಿತ್ ತನ್ನ ಪೂರ್ಣ ಸೈನ್ಯವನ್ನು ಕೂಡಿಸಿಕೊಳ್ಳುವ ಮೊದಲೇ ರೆಡ್ವಾಲ್ಡ್ ಉತ್ತರಕ್ಕೆ ದಂಡೆತ್ತಿ ಹೋಗಿ, ಸುಮಾರು 616ರಲ್ಲಿ, ಐಡಲ್ ನದಿಯ ಪೂರ್ವ ದಂಡೆಯಲ್ಲಿ ಅವನನ್ನು ಸೋಲಿಸಿ ಕೊಂದನು. ಮರೆಹೊಕ್ಕವನನ್ನು ಕಾಯಲು ಅವನು ತೆತ್ತ ಬೆಲೆ ದೊಡ್ಡದು. ಅದೇ ಯುದ್ಧದಲ್ಲಿ ಅವನ ಮಗ ರೆಗೆನ್‌ಹೆರೆ ಸತ್ತನು. ಎಡ್ವಿನ್ ನಾರ್ಥಂಬ್ರಿಯಾದ ಅರಸನಾದನು. ಹಂಬರ್ ನದಿಯ ದಕ್ಷಿಣದ ರಾಜ್ಯಗಳೆಲ್ಲದರ ಮೇಲೆ ಹಿರಿತನ ಪಡೆದ ಅರಸರ ಪಟ್ಟಿಯಲ್ಲಿ ಬೀಡ್ ರೆಡ್ವಾಲ್ಡನನ್ನು ನಾಲ್ಕನೆಯವನಾಗಿ ಎಣಿಸುತ್ತಾನೆ. ಈ ಇಡೀ ತಿರುವಿಗೆ ಕಾರಣಳಾದ ರಾಣಿಯ ಹೆಸರನ್ನು ಮಾತ್ರ ಅವನು ಎಲ್ಲಿಯೂ ಬರೆಯಲಿಲ್ಲ. ಗಂಡನನ್ನು ಹಳೆಯ ದೇವರುಗಳ ಕಡೆಗೆ ತಿರುಗಿಸಿದವಳೂ ರಾಣಿಯೇ, ಅವನ ಮಾನವನ್ನು ಉಳಿಸಿದವಳೂ ರಾಣಿಯೇ. ಸಟ್ಟನ್ ಹೂವಿಗೆ ಬರುವವರು ಈ ಕಥೆಯನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಬಂದರೆ ದಿಬ್ಬದ ಮುಂದೆ ನಿಲ್ಲುವುದಕ್ಕೆ ಬೇರೆಯೇ ಅರ್ಥ ಬರುತ್ತದೆ. ಓದದೆ ಬಂದವರು ಚಿನ್ನದ ಬಗೆಗಷ್ಟೇ ಮಾತಾಡುತ್ತ ಹಿಂದಿರುಗುವರು. ಸಮಾಧಿಯ ಸ್ಥಳ ಎಷ್ಟೇ ಚೆನ್ನಾಗಿ ವಿವರಿಸಿದರೂ ಈ ಮಿತಿಯನ್ನು ತಾನಾಗಿ ದಾಟಲಾರದು.

ಅವನು ಬದುಕಿದ್ದ ಸ್ಥಳ ಇಲ್ಲಿಂದ ಸುಮಾರು ಆರು ಕಿಲೋಮೀಟರ್ ದೂರದ ರೆಂಡಲ್‌ಶಮ್. ಅದು ಅರಸರ ಬೀಡಾಗಿತ್ತೆಂದು ಬೀಡ್ ಬರೆದಿದ್ದನು; ಇತ್ತೀಚಿನ ಉತ್ಖನನಗಳಲ್ಲಿ ಅಲ್ಲಿ 23 ಮೀಟರ್ ಉದ್ದದ ಮರದ ಸಭಾಭವನದ ಗುರುತುಗಳೂ, 2023ರಲ್ಲಿ ಗುಡಿಯಾಗಿದ್ದಿರಬಹುದಾದ ಚಿಕ್ಕ ಕಟ್ಟಡವೊಂದರ ಗುರುತುಗಳೂ ಸಿಕ್ಕಿವೆ. ಆ ನೆಲದ ಮೇಲೆ ಪ್ರವಾಸಿಗರು ನೋಡುವಂಥದ್ದು ಏನೂ ನಿಂತಿಲ್ಲ. ಆದರೂ ಸಮಾಧಿ ಕ್ಷೇತ್ರವನ್ನು ಆ ಅರಮನೆಯೊಂದಿಗೆ ಸೇರಿಸಿ ನೋಡಿದಾಗಲೇ ಇದು ಒಂದು ರಾಜ್ಯದ ನಡುನಾಡಾಗಿತ್ತೆಂಬುದು ಗೊತ್ತಾಗುತ್ತದೆ.

ಎಡಿತ್ ಪ್ರೆಟಿಯವರು ವಾಸವಾಗಿದ್ದ ಮನೆಗೆ ಈಗ ಟ್ರಾನ್ಮರ್ ಹೌಸ್ ಎಂಬ ಹೆಸರಿದೆ; ಅಲ್ಲಿ 1939ರ ಉತ್ಖನನದ ಕಥೆಯನ್ನು ಹೇಳಲಾಗುತ್ತದೆ. ಆ ವರ್ಷದ ಆಗಸ್ಟ್‌ನಲ್ಲಿ ಸಟ್ಟನ್ ಹಳ್ಳಿಯ ಸಭಾಗೃಹದಲ್ಲಿ ನಡೆದ ವಿಚಾರಣೆಯು ನಿಧಿಯೆಲ್ಲ ಭೂಮಿಯ ಒಡತಿಗೇ ಸೇರಿದ್ದೆಂದು ತೀರ್ಮಾನಿಸಿತು. ಅವರು ಅದನ್ನೆಲ್ಲ ಬ್ರಿಟಿಷ್ ಮ್ಯೂಸಿಯಮ್‌ಗೆ ದಾನವಾಗಿ ಕೊಟ್ಟರು. ಕೆಲವೇ ವಾರಗಳಲ್ಲಿ ಯುದ್ಧ ಆರಂಭವಾಗಿ, ರೆಡ್ವಾಲ್ಡನ ಸಂಪತ್ತು ಲಂಡನ್ನಿನ ಸುರಂಗ ರೈಲು ನಿಲ್ದಾಣವೊಂದರಲ್ಲಿ ಮತ್ತೆ ನೆಲದಡಿ ಸೇರಿತು. ಹೀಗಾಗಿ ಮೊದಲ ದಿಬ್ಬದ, ಅಂದರೆ ಹಡಗು ದೊರೆತ ದಿಬ್ಬದ, ಮೂಲ ವಸ್ತುಗಳನ್ನು ನೋಡಬೇಕೆಂದು ಇಲ್ಲಿಗೆ ಬರುವವರು ನಿರಾಶರಾಗುತ್ತಾರೆ. ಅವು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್‌ನ 41ನೆಯ ಕೋಣೆಯಲ್ಲಿವೆ, ಅಲ್ಲಿಗೆ ಪ್ರವೇಶ ಶುಲ್ಕವಿಲ್ಲ. ಎರಡನ್ನೂ ನೋಡುವವರಿಗೆ ನನ್ನ ಸಲಹೆ ಮೊದಲು ಸಟ್ಟನ್ ಹೂ, ಆಮೇಲೆ ಲಂಡನ್. ಹಡಗಿನ ಉದ್ದವನ್ನು ಕಾಲಿನಿಂದ ಅಳೆದು ಬಂದ ಮೇಲೆ ಆ ಗಾಜಿನ ಪೆಟ್ಟಿಗೆಗಳಲ್ಲಿರುವ ವಸ್ತುಗಳು ಎಲ್ಲಿ ಕುಳಿತಿದ್ದವೆಂಬುದು ಕಣ್ಣಿಗೆ ಕಟ್ಟುತ್ತದೆ. ನಾನೂರು ಗ್ರಾಂಗೂ ಮೀರಿದ ತೂಕದ ಚಿನ್ನದ ಬಕಲ್, ಅದರ ಮೇಲೆ ಹೆಣೆದುಕೊಂಡ ಹಾವು ಮತ್ತು ಮೃಗಗಳು, ಭುಜದ ಕೊಂಡಿಗಳಲ್ಲಿ ಕೂದಲೆಳೆಯ ಸಂದೂ ಕಾಣದಂತೆ ಕೂಡಿಸಿದ ಗಾರ್ನೆಟ್ ಕಲ್ಲುಗಳು ಇವುಗಳ ಮುಂದೆ ಎಷ್ಟು ಹೊತ್ತು ನಿಂತರೂ ಸಾಲದು. ಆ ಕಾಲದ ಯೂರೋಪಿನ ಒಡವೆಗಳಲ್ಲಿರುವ ಗಾರ್ನೆಟ್‌ಗಳಲ್ಲಿ ಹಲವು ಭಾರತ ಮತ್ತು ಶ್ರೀಲಂಕಾದ ಕಡೆಯಿಂದ ಹೋದವೆಂದು ಸಂಶೋಧನೆಗಳು ತೋರಿಸಿರುವುದು ನಮ್ಮ ಓದುಗರಿಗೆ ವಿಶೇಷ ಆಸಕ್ತಿಯ ವಿಷಯ.

ಮೊದಲ ದಿಬ್ಬದ ಆಚೆಗೂ ಇಲ್ಲಿ ನೋಡಲು ಇದೆ. ತನ್ನ ಕುದುರೆಯೊಂದಿಗೆ ಸಮಾಧಿಯಾದ ಯುವಕನ ಕಥೆ, ನಂತರದ ಕಾಲದಲ್ಲಿ ಇದೇ ನೆಲದಲ್ಲಿ ಮರಣದಂಡನೆಗೆ ಗುರಿಯಾಗಿ ಮರಳಿನಲ್ಲಿ ಕಲೆಯಾಗಿ ಮಾತ್ರ ಉಳಿದವರ ಕಥೆ, ಎರಡೂ ಗಮನಿಸತಕ್ಕವು. ಎರಡನೆಯದು ಚಿಕ್ಕ ಮಕ್ಕಳಿಗೆ ಭಾರವಾಗಬಹುದು, ಹೆತ್ತವರು ಮೊದಲೇ ಯೋಚಿಸಿಕೊಳ್ಳಬೇಕು.

ಲಂಡನ್ನಿನಿಂದ ರೈಲಿನಲ್ಲಿ ಬರುವವರು ಇಪ್ಸ್‌ವಿಚ್‌ನಲ್ಲಿ ಬದಲಿಸಿ ಮೆಲ್ಟನ್ ನಿಲ್ದಾಣದಲ್ಲಿ ಇಳಿದರೆ ಅಲ್ಲಿಂದ ಕಾಲ್ನಡಿಗೆಯಲ್ಲೇ ತಲುಪಬಹುದು. ನ್ಯಾಷನಲ್ ಟ್ರಸ್ಟ್‌ನ ಸದಸ್ಯರಿಗೆ ಟಿಕೆಟ್ ಇಲ್ಲ. ಬಯಲು ತೆರೆದ ಏರಿನ ಮೇಲಿರುವುದರಿಂದ ಬೇಸಿಗೆಯಲ್ಲೂ ಗಾಳಿ ತಡೆಯುವ ಅಂಗಿ ಮತ್ತು ನಡೆಯಲು ಅನುಕೂಲವಾದ ಬೂಟು ಬೇಕು. ಸಮಯ ಉಳಿದವರು ನದಿಯ ಈಚೆಗೆ, ವುಡ್‌ಬ್ರಿಜ್‌ನ ಲಾಂಗ್‌ಶೆಡ್‌ಗೆ ಹೋಗಬೇಕು. ಅಲ್ಲಿ ಸ್ವಯಂಸೇವಕರು ಹಸಿ ಓಕ್ ಮರವನ್ನು ಕೊಡಲಿಯಿಂದ ಸೀಳಿ, ಕಬ್ಬಿಣದ ಮೊಳೆ ಹೊಡೆದು, ಆ ಹಡಗನ್ನು ಪೂರ್ಣ ಅಳತೆಯಲ್ಲಿ ಮತ್ತೆ ಕಟ್ಟುವ ಕೆಲಸ ಹಿಡಿದಿದ್ದಾರೆ, ಅದನ್ನು ಹುಟ್ಟು ಹಾಕಿ ನಡೆಸಿ ನೋಡಬೇಕೆಂಬುದು ಅವರ ಗುರಿ.