ಅವೆನ್ಯೂ ರೋಡಲ್ಲಿ ತಂದ ಹೊಲಿಗೆ ಬೈಂಡಿಂಗ್ ನೋಟ್‌ಬುಕ್, ಒಂದು ಪೂರ್ತಿ ಬರೆದು ಮುಗಿಸಿದ ಮೇಲೆ

ನಾನು ಬ್ಲೌಸಿಗೆ ಆರಿ ವರ್ಕ್, ಅಂದ್ರೆ ಕೊಕ್ಕೆ ಸೂಜಿಯ ಕಸೂತಿ, ಮಾಡ್ತೀನಿ. ಹೊಸ ಡಿಸೈನ್ ಬೇಕು ಅಂದೋರಿಗೆಲ್ಲ ಫೋನಲ್ಲಿರೋ ಫೋಟೋನೇ ತೋರಿಸಿ ತೋರಿಸಿ ಎಲ್ಲರ ತೋಳಿಗೂ ಅದೇ ನವಿಲು ಅದೇ ಆನೆ ಆಗಿ, ಕೈ ಓಡ್ತಿತ್ತು ತಲೆ ನಿಂತುಹೋಗಿತ್ತು. ಅದಕ್ಕೇ ಫೆಬ್ರವರಿಯಿಂದ ದಿನಾ ಬೆಳಗ್ಗೆ ಕಾಫಿ ಆದ್ಮೇಲೆ ಒಂದು ಪುಟ ಬರೆಯೋಕೆ ಕೂತೆ, ಹಿಂದಿನ ದಿನ ಕಣ್ಣಿಗೆ ಬಿದ್ದಿದ್ದು ಏನಿದ್ರೂ ಸರಿ.

ಮೊದಲು ಆನ್‌ಲೈನಲ್ಲಿ ಜರ್ನಲ್ ಅಂತಾನೇ ಮಾರೋದೊಂದು ತರಿಸಿದ್ದೆ. ಪುಟಪುಟಕ್ಕೂ ಪ್ರಶ್ನೆ ಪ್ರಿಂಟ್ ಮಾಡಿದ್ರು, ತಾರೀಖೂ ಹಾಕಿದ್ರು, ನಾಲ್ಕು ದಿನ ಊರಿಗೆ ಹೋಗಿ ಬಂದ್ರೆ ನಾಲ್ಕು ಖಾಲಿ ಪುಟ ಮುಖಕ್ಕೆ ಹೊಡೀತಿತ್ತು. ಬರೀ ಗೋಂದಿನ ಬೈಂಡಿಂಗ್, ಒಂದು ತಿಂಗಳಿಗೇ ಹಾಳೆ ಕಿತ್ಕೊಂಡು ಬಂತು.

ಆಮೇಲೆ ಬೆಂಗಳೂರಿನ ಅವೆನ್ಯೂ ರೋಡಿಗೆ ಹೋಗಿ ಸ್ಟೇಷನರಿ ಅಂಗಡಿ ಒಂದರಲ್ಲಿ ಇದನ್ನ ತಂದಿದ್ದು. 160 ರೂಪಾಯಿ, ಎ5 ಸೈಜು, ಗೆರೆ ಇಲ್ಲದ ಹಾಳೆ, 192 ಪುಟ. ನಾನು ಮೊದಲು ನೋಡಿದ್ದೇ ಹೊಲಿಗೆ, 16 ಪುಟದ ಒಂದೊಂದು ಮಡಿಕೆ, ಅಂಥದ್ದು 12, ಪ್ರತಿ ಮಡಿಕೆ ನಡುವೆ ಬಿಳಿ ದಾರ ಎಳೆದು ಪಕ್ಕದ್ದಕ್ಕೆ ಕಟ್ಟಿದಾರೆ. ಅದಕ್ಕೇ ಮೇಜಿನ ಮೇಲೆ ಬಿಚ್ಚಿಟ್ರೆ ಚಪ್ಪಟೆ ಮಲಗುತ್ತೆ, ಎಡಗೈಲಿ ಅದುಮಿ ಹಿಡ್ಕೊಳ್ಳೋದೇ ಬೇಕಿಲ್ಲ. ಕಾಗದ 80 ಜಿಎಸ್ಎಂ, ಅಂದ್ರೆ ಒಂದು ಚದರ ಮೀಟರ್ ಹಾಳೆ 80 ಗ್ರಾಂ ತೂಗುತ್ತೆ. ಸಣ್ಣ ನಿಬ್ಬಿನ ಇಂಕ್ ಪೆನ್ನಿಗೆ ಒಂಚೂರೂ ಹರಡಲ್ಲ, ದಪ್ಪ ನಿಬ್ ಆದ್ರೆ ಹಿಂದಿನ ಪುಟದಲ್ಲಿ ನೆರಳು ಕಾಣುತ್ತೆ.

ಏಪ್ರಿಲಲ್ಲಿ ಒಂದಿನ ಬರೆದಿದ್ದು ಇಲ್ಲೇ ಇದೆ. ರಾತ್ರಿ ಮಳೆ ಬಂದು ನಮ್ಮ ಬೀದಿ ಹೊಂಗೆ ಮರದ ಹೂವೆಲ್ಲ ಉದುರಿ ರಸ್ತೆ ತಿಳಿ ನೇರಳೆ ಆಗಿತ್ತು, ಅದರ ಮೇಲೆ ಒಂದು ಆಟೋ ಹೋಗಿತ್ತು ನೋಡಿ, ಮೂರು ಚಕ್ರದ ಮೂರು ಗೆರೆ ಮಾತ್ರ ಕಪ್ಪಗೆ. ಪಕ್ಕದಲ್ಲೇ ಪೆನ್ನಲ್ಲಿ ಮೂರು ಗೀಟು ಎಳೆದಿಟ್ಟಿದ್ದೆ, ಅಷ್ಟೇ, ಮರೆತೂ ಬಿಟ್ಟಿದ್ದೆ. ವರಮಹಾಲಕ್ಷ್ಮಿ ಹಬ್ಬಕ್ಕೆ ಒಬ್ಬರು ಕಪ್ಪು ಬ್ಲೌಸ್ ಪೀಸ್ ತಂದು ಯಾರ ಹತ್ರಾನೂ ಇಲ್ಲದ್ದು ಬೇಕು ಅಂದ್ರು, ಪುಟ ತಿರುಗಿಸ್ತಾ ಹೋದೆ, ಸಿಕ್ತು. ತೋಳಿನ ತುಂಬ ತಿಳಿ ನೇರಳೆ ದಾರದ ಗಂಟು ಒತ್ತೊತ್ತಾಗಿ ಹಾಕಿ ಮೂರು ಗೆರೆ ಬಟ್ಟೆ ಹಾಗೇ ಬಿಟ್ಟೆ. ಜರಿ ಇಲ್ಲ, ಮಣಿ ಇಲ್ಲ. ಅವರು ಹಾಕ್ಕೊಂಡು ಕನ್ನಡಿ ಮುಂದೆ ತೋಳು ತಿರುಗಿಸಿ ತಿರುಗಿಸಿ ನೋಡ್ತಿದ್ದಾಗ ನನಗಾದ ಖುಷಿ ಹೇಳಕ್ಕಾಗಲ್ಲ. ಅವತ್ತೇ ಫೋಟೋ ತೆಗೆದಿದ್ರೆ ಗ್ಯಾಲರಿಲಿ ಸಾವಿರದಲ್ಲಿ ಒಂದಾಗಿ ಹೋಗ್ತಿತ್ತು, ಕೈಯಲ್ಲಿ ಬರೆದಿದ್ದಕ್ಕೇ ಆ ಮೂರು ಗೆರೆ ಉಳೀತು ಅಂತ ನನ್ನ ನಂಬಿಕೆ.

ಕೊರತೆ ಅಂದ್ರೆ ಪುಟ ಗುರುತಿಗೆ ರಿಬ್ಬನ್ ಇಲ್ಲ, ನಾನೇ ರೇಷ್ಮೆ ದಾರ ಹೊಲಿದುಕೊಂಡೆ. ರಟ್ಟಿನ ಮೂಲೆ ಬ್ಯಾಗಲ್ಲಿ ಉಜ್ಜಿ ಸವೆಯುತ್ತೆ, ಬಟ್ಟೆ ಹೊದಿಕೆ ಹಾಕೋದು ಒಳ್ಳೇದು. ದಿನಕ್ಕೊಂದು ಪುಟ ಅಂದ್ರೆ ಆರು ತಿಂಗಳು ದಾಟುತ್ತೆ, ತಾರೀಖು ನೀವೇ ಹಾಕ್ಕೊಳ್ಳಿ. ಹೋದ ವಾರ ಇನ್ನೆರಡು ತಂದೆ, ಒಂದು ನನ್ನ ಹತ್ರ ಕೆಲಸ ಕಲೀತಿರೋ ಹುಡುಗಿಗೆ. ಅವಳು ಮೊದಲ ಪುಟದಲ್ಲಿ ಅವರಜ್ಜಿ ಕೌದಿ ಬಗ್ಗೆ ಬರೆದಿದಾಳೆ.