ಓಟ್ಸ್, ಆಲೂಗಡ್ಡೆ, ಕಾಳು: ಸಂಜೆವರೆಗೆ ಹೊಟ್ಟೆ ತಡೆದದ್ದು ಯಾವುದು?

ದಿನಸಿಗೆ ಎತ್ತಿಟ್ಟ ದುಡ್ಡು ತಿಂಗಳ ಕೊನೆವರೆಗೂ ಸಾಲಬೇಕು, ತೂಕವೂ ಇಳಿಯಬೇಕು. ಅದಕ್ಕೆ ಮಧ್ಯಾಹ್ನದ ಊಟಕ್ಕೆ ಅಗ್ಗದ ಮೂರು ಪದಾರ್ಥಗಳನ್ನು ತಲಾ ಮೂರು ವಾರ ತಿಂದು ನೋಡಿದೆ. ಒಂದೊಂದು ಊಟವೂ ಸುಮಾರು 350 ಕ್ಯಾಲೊರಿ. ಇಷ್ಟು ಕಡಿಮೆ ದಿನಗಳ ತೂಕದಲ್ಲಿ ನೀರಿನ ಏರಿಳಿತವೇ ಜಾಸ್ತಿ, ಹಾಗಾಗಿ ನಾನು ನೋಡಿದ್ದು ಗಡಿಯಾರ: ಸಂಜೆ ಎಷ್ಟು ಗಂಟೆಗೆ ಕೈ ತಿಂಡಿ ಡಬ್ಬಿಗೆ ಹೋಗುತ್ತದೆ ಅಂತ. ನನ್ನ ದುಡ್ಡು, ನನ್ನ ಡಯಟ್ ಎರಡೂ ಸೋರುತ್ತಿದ್ದದ್ದು ಅಲ್ಲೇ.

ಓಟ್ಸ್ ಐದು ನಿಮಿಷದ ಕೆಲಸ. ಆದರೆ 90 ಗ್ರಾಂ ತಿಂದರೂ ನಾಲ್ಕೂವರೆಗೆ ಹಸಿವು. ಬೆಳಗಿನ ತಿಂಡಿಗಾದರೆ ಸರಿ.

ಆಲೂಗಡ್ಡೆ ತಿಂದರೆ ದಪ್ಪ ಆಗ್ತಾರೆ ಅಂತ ಎಲ್ಲರೂ ಹೆದರಿಸಿದ್ದರು. 1995ರಲ್ಲಿ ಸಿಡ್ನಿಯ ಸಂಶೋಧಕರು 38 ಆಹಾರಗಳನ್ನು ಒಂದೇ ಕ್ಯಾಲೊರಿ ಅಳತೆಯಲ್ಲಿ ತಿನ್ನಿಸಿ ನೋಡಿದಾಗ, ಹೊಟ್ಟೆ ತುಂಬಿಸುವುದರಲ್ಲಿ ಬೇಯಿಸಿದ ಆಲೂಗಡ್ಡೆಯೇ ಮೊದಲು ಬಂದಿತ್ತು. ನನಗೂ ಹಾಗೇ ಆಯಿತು. 400 ಗ್ರಾಂ ಅಂದರೆ ತಟ್ಟೆ ತುಂಬ; ಆರು ಗಂಟೆವರೆಗೆ ಏನೂ ಬೇಡ ಅನಿಸಿತು. ಮೂರನೇ ವಾರ ಬೇಜಾರಾಗಿ ಹುರಿದೆ, ಅಲ್ಲೇ ಎಡವಿದ್ದು. ಒಂದು ದೊಡ್ಡ ಚಮಚ ಎಣ್ಣೆ ಅಂದರೇನೇ 120 ಕ್ಯಾಲೊರಿ, ನಾನು ಸುರಿದದ್ದು ಎರಡು. ಇನ್ನೊಂದು ಕೊರತೆ ಪ್ರೋಟೀನ್: ಅಷ್ಟು ಆಲೂಗಡ್ಡೆಯಲ್ಲಿ 8 ಗ್ರಾಂ ಆಸುಪಾಸು.

ಒಣ ಕಾಳಿನಲ್ಲಿ 100 ಗ್ರಾಂಗೆ ಪ್ರೋಟೀನ್ 20 ಗ್ರಾಂ ದಾಟುತ್ತದೆ, ನಾರೂ ಧಾರಾಳ. ಮೊದಲ ವಾರ ಹೊಟ್ಟೆ ಉಬ್ಬರ ತಡೆಯಲಾಗಲಿಲ್ಲ. ಸ್ವಲ್ಪದರಿಂದ ಶುರುಮಾಡಬೇಕಿತ್ತು. ಎರಡನೇ ವಾರಕ್ಕೆ ಹೊಟ್ಟೆ ಒಗ್ಗಿಕೊಂಡಿತು. ಆಮೇಲೆ ರಾತ್ರಿ ಊಟದವರೆಗೂ ಡಬ್ಬಿ ಮುಚ್ಚಳ ತೆಗೆಯದ ದಿನಗಳೇ ಹೆಚ್ಚು. ರಾಜ್ಮಾ ಮಾತ್ರ ಹುಷಾರು: ರಾತ್ರಿಯಿಡೀ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಕನಿಷ್ಠ 10 ನಿಮಿಷ ಕೊತಕೊತ ಕುದಿಸಿ, ಆಮೇಲೆ ಮೆತ್ತಗಾಗುವವರೆಗೆ ಬೇಯಿಸಬೇಕು. ಸಣ್ಣ ಉರಿಯಲ್ಲೇ ಇಟ್ಟರೆ ಅದರ ನಂಜು ಹೋಗುವುದಿಲ್ಲ, ವಾಂತಿ ಭೇದಿ ಆಗಬಹುದು.

ಒಂದನ್ನೇ ಆರಿಸು ಅಂದರೆ ಕಾಳು. ಆದರೆ ಈಗ ನಾನು ಕಾಳು, ಆಲೂಗಡ್ಡೆ ಎರಡನ್ನೂ ಕೂಡಿಸಿದ್ದೇನೆ. ಭಾನುವಾರ 300 ಗ್ರಾಂ ಕಾಳು ಬೇಯಿಸಿ ಐದು ಡಬ್ಬಿಗೆ ಹಂಚಿ ಫ್ರೀಜರ್‌ಗೆ ಇಡುತ್ತೇನೆ. ಮಧ್ಯಾಹ್ನ ಒಂದನ್ನು ಬಿಸಿ ಮಾಡಿ, ಸಿಪ್ಪೆ ಸಮೇತ ಬೇಯಿಸಿದ ಎರಡು ಸಣ್ಣ ಆಲೂಗಡ್ಡೆ ಚೂರು ಮಾಡಿ ಹಾಕಿ, ಮೇಲೆ ನಿಂಬೆ ಹಿಂಡುತ್ತೇನೆ. ಎಣ್ಣೆ ಬಾಟಲಿಯ ಪಕ್ಕ ಈಗ ಅಳತೆ ಚಮಚ ಇದೆ.