ಹಾಕಿ ಹಬ್ಬದ ಅಭಿಮಾನಿ ಬಳಗ: ಹಳೆಯ ಸದಸ್ಯೆಯೊಬ್ಬಳ ವಿಮರ್ಶೆ

ಸೇವೆ: ಕೊಡವ ಕೌಟುಂಬಿಕ ಹಾಕಿ ಉತ್ಸವದ ಅಭಿಮಾನಿಗಳ ವಾಟ್ಸ್‌ಆ್ಯಪ್ ಬಳಗ
ಬಳಕೆ: 2014ರ ಕೊನೆಯಿಂದ ಇಂದಿನವರೆಗೆ
ಅಂಕ: ಐದಕ್ಕೆ ನಾಲ್ಕೂವರೆ

ಸೆಪ್ಟೆಂಬರ್ ಆರಂಭದ ಕೈಲ್ ಮುಹೂರ್ತ ಹಬ್ಬ ಮುಗಿದ ವಾರದಲ್ಲೇ ನಮ್ಮ ಬಳಗದ ನಿರ್ವಾಹಕರು ತಿಳಿಸಿಬಿಟ್ಟರು: ಅಕ್ಟೋಬರ್ ನಡುವಿನ ಕಾವೇರಿ ಸಂಕ್ರಮಣದವರೆಗೆ ಗುಂಪು ತೆರೆದಿರುತ್ತದೆ, ಆಮೇಲೆ ಮುಚ್ಚುತ್ತೇವೆ. ಕಾರಣವನ್ನು ಸುತ್ತಿ ಬಳಸದೆ ನೇರವಾಗಿಯೇ ಬರೆದಿದ್ದರು. ಪಂದ್ಯಗಳು ಈಗ ಯೂಟ್ಯೂಬಿನಲ್ಲಿ ನೇರ ಪ್ರಸಾರವಾಗುತ್ತವೆ. ಫಲಿತಾಂಶ ಹತ್ತು ಕಡೆಯಿಂದ ಮೊಬೈಲಿಗೆ ಬಂದು ಬೀಳುತ್ತದೆ. ಗುಂಪು ನೋಡಿಕೊಳ್ಳುವ ಮೂವರಿಗೂ ವಯಸ್ಸಾಗಿದೆ, ಹೊಣೆ ಹೊರುತ್ತೀರಾ ಎಂದು ಕೇಳಿದವರೆಲ್ಲ ಹಿಂದೇಟು ಹಾಕಿದ್ದಾರೆ. ಇಷ್ಟು ವರ್ಷ ಬಳಸಿದ ಸೇವೆಯ ಬಗ್ಗೆ ಅದು ಬದುಕಿರುವಾಗಲೇ ನಾಲ್ಕು ಮಾತು ಬರೆಯಬೇಕೆನಿಸಿತು. ಹೊಸಬರಿಗೆ ಸೇರುವ ಬಾಗಿಲು ಈಗಾಗಲೇ ಮುಚ್ಚಿದೆ. ಆದರೆ ಬೇರೆ ಊರಿನಲ್ಲಿ, ಬೇರೆ ಆಟಕ್ಕೆ ಇಂಥದೊಂದು ಬಳಗ ಕಟ್ಟಬೇಕೆಂದಿರುವವರಿಗೆ ಈ ವಿಮರ್ಶೆಯಿಂದ ಉಪಯೋಗವಾಗಬಹುದು.

ಹೊರಗಿನವರಿಗಾಗಿ ಉತ್ಸವದ ಬಗ್ಗೆ ಒಂದೆರಡು ಮಾತು. 1997ರಲ್ಲಿ ಕರಡ ಗ್ರಾಮದಲ್ಲಿ ಪಾಂಡಂಡ ಕುಟ್ಟಪ್ಪನವರು ಇದನ್ನು ಆರಂಭಿಸಿದಾಗ ಆಡಿದ್ದು 60 ಕುಟುಂಬಗಳು. ಪ್ರತಿ ಉತ್ಸವಕ್ಕೂ ಒಂದೊಂದು ಕುಟುಂಬ ಆತಿಥ್ಯ ವಹಿಸುತ್ತದೆ, ಕಪ್‌ಗೆ ಆ ಕುಟುಂಬದ್ದೇ ಹೆಸರು. 2024ರಲ್ಲಿ ನಾಪೋಕ್ಲಿನಲ್ಲಿ ನಡೆದ ಕುಂಡ್ಯೋಳಂಡ ಕಪ್‌ನಲ್ಲಿ 360 ಕುಟುಂಬಗಳು ಆಡಿ ಗಿನ್ನೆಸ್ ದಾಖಲೆಯಾಯಿತು. ಮರುವರ್ಷ ಮಡಿಕೇರಿಯಲ್ಲಿ ನಡೆದ 25ನೇ ಉತ್ಸವ, ಮುದ್ದಂಡ ಕಪ್‌ಗೆ 396 ಕುಟುಂಬಗಳು ಹೆಸರು ನೋಂದಾಯಿಸಿದವು. ಒಂದೇ ತಂಡದಲ್ಲಿ ಅಜ್ಜನೂ ಇರುತ್ತಾರೆ, ಮೊಮ್ಮಗಳೂ ಇರುತ್ತಾಳೆ. ದೊಡ್ಡ ಪಂದ್ಯಗಳನ್ನು ಆಡಿ ಬಂದವರ ಪಕ್ಕದಲ್ಲಿ ವರ್ಷಕ್ಕೊಮ್ಮೆ ಮಾತ್ರ ಸ್ಟಿಕ್ ಹಿಡಿಯುವ ಬೆಂಗಳೂರಿನ ಎಂಜಿನಿಯರ್ ನಿಂತಿರುತ್ತಾರೆ. ನಾಕೌಟ್ ಮಾದರಿಯಾದ್ದರಿಂದ ಸೋತವರ ಹಬ್ಬ ಅಂದಿಗೇ ಮುಗಿಯಿತು. ಇಷ್ಟು ತಂಡಗಳನ್ನು ಸೋಸಿ ಫೈನಲ್‌ಗೆ ತರಬೇಕಾದರೆ ಮೊದಲ ವಾರಗಳಲ್ಲಿ ಬೆಳಗ್ಗೆಯಿಂದ ಸಂಜೆಯವರೆಗೆ, ಒಂದಕ್ಕಿಂತ ಹೆಚ್ಚು ಮೈದಾನಗಳಲ್ಲಿ ಪಂದ್ಯ ನಡೆಯಲೇಬೇಕು. ಮೈದಾನದ ಪಕ್ಕದಲ್ಲೇ ಮನೆ ಇದ್ದವರಿಗೂ ಎಲ್ಲವನ್ನೂ ನೋಡಲಾಗದು.

ನಾನು ಯಾವ ಕೊಡವ ಒಕ್ಕದವಳೂ (ಮನೆತನದವಳೂ) ಅಲ್ಲ. ಕುಶಾಲನಗರದಲ್ಲಿ ಹುಟ್ಟಿ ಬೆಳೆದು, ಅಲ್ಲಿಯ ಕಾಫಿ ಕ್ಯೂರಿಂಗ್ ಘಟಕವೊಂದರಲ್ಲಿ ಲೆಕ್ಕ ಬರೆಯುವವಳು. ಉತ್ಸವ ಬರುವುದು ಬೇಸಿಗೆಯಲ್ಲಿ, ನಮ್ಮಲ್ಲಿ ಲಾರಿಗಳು ಸಾಲುಗಟ್ಟಿ ನಿಲ್ಲುವ ಕಾಲದಲ್ಲಿ. ಭಾನುವಾರ ಬಿಟ್ಟರೆ ನಾಪೋಕ್ಲಿಗೆ ಹೋಗುವ ಮಾತೇ ಇಲ್ಲ. ಈ ಬಳಗ ಹುಟ್ಟುವ ಮೊದಲು ಫಲಿತಾಂಶ ತಿಳಿಯಬೇಕಾದರೆ ಮರುದಿನ ಬೆಳಗ್ಗೆ ‘ಶಕ್ತಿ’ ಪತ್ರಿಕೆ ಬರುವವರೆಗೆ ಕಾಯಬೇಕಿತ್ತು. ನಮ್ಮಲ್ಲಿ ಕೆಲವರು ಆರ್ಕುಟ್ ಎಂಬ ಸಾಮಾಜಿಕ ಜಾಲತಾಣದಲ್ಲಿ ಸೇರಿ ಹರಟುತ್ತಿದ್ದೆವು. 2004ರ ಜನವರಿಯಲ್ಲಿ ಶುರುವಾದ ಆರ್ಕುಟ್ 2014ರ ಸೆಪ್ಟೆಂಬರ್ 30ರಂದು ಮುಚ್ಚಿತು. ಮುಚ್ಚುವ ಸುದ್ದಿ ಜೂನ್ ಕೊನೆಯಲ್ಲೇ ಬಂದಿದ್ದರಿಂದ, ನಡುವಿನ ಮೂರು ತಿಂಗಳಲ್ಲಿ ಒಬ್ಬರಿಗೊಬ್ಬರು ಫೋನ್ ನಂಬರ್ ಕೊಟ್ಟುಕೊಂಡೆವು. ಈಗ ಮುಚ್ಚುತ್ತಿರುವ ಬಳಗ ಹುಟ್ಟಿದ್ದು ಹಾಗೆ. ಮುನ್ಸೂಚನೆ ಕೊಟ್ಟು ಮುಚ್ಚುವುದರ ಬೆಲೆ ನಮಗೆ ಆಗಲೇ ಗೊತ್ತಿತ್ತು.

ಈ ಸೇವೆಯ ಜೀವಾಳ ಒಂದೇ ನಿಯಮ. ನಿರ್ವಾಹಕರಲ್ಲಿ ಹಿರಿಯರಾದ, ದೈಹಿಕ ಶಿಕ್ಷಕರಾಗಿ ನಿವೃತ್ತರಾದ ಮೇಷ್ಟ್ರು ಮೊದಲ ದಿನವೇ ಅದನ್ನು ಹಾಕಿದ್ದರು: ಪಂದ್ಯದ ಸುದ್ದಿಯನ್ನು ಕಣ್ಣಾರೆ ಕಂಡವರು ಮಾತ್ರ ಬರೆಯಬೇಕು. ಯಾರೋ ಹೇಳಿದರು, ಅಲ್ಲಿಂದ ಬಂತು ಎಂಬ ಮಾತು ಬೇಡ. ನೋಡದಿದ್ದರೆ ಸುಮ್ಮನಿರಿ, ನೋಡಿದವರು ಬರೆಯುತ್ತಾರೆ.

ಹೀಗೆ ಬರೆದ ಒಂದು ಸಂದೇಶ ಹೇಗಿರುತ್ತಿತ್ತೆಂದರೆ: “ಎರಡನೇ ಮೈದಾನ. ಮೊದಲಾರ್ಧ ಮುಗಿಯಿತು, 1–0. ಪೆನಾಲ್ಟಿ ಕಾರ್ನರ್. ಹೊಡೆದದ್ದು 8ನೇ ನಂಬರಿನ ಹುಡುಗಿ, ಕಳೆದ ಸಲ ಇವರ ಗೋಲ್ ಕಾದಿದ್ದವನ ತಂಗಿ. ಅವನು ಈ ಸಲ ರಜೆ ಸಿಗದೆ ಜಮ್ಮುವಿನಲ್ಲಿದ್ದಾನೆ. ಯಾರಾದರೂ ತಿಳಿಸಿ.” ಇದನ್ನು ಓದುವಾಗ ನಾನು ಗೋದಾಮಿನ ಬಾಗಿಲಲ್ಲಿ ಚೀಲಗಳ ಲೆಕ್ಕ ಹಿಡಿದು ನಿಂತಿದ್ದೆ. ಪಂದ್ಯ ಮುಗಿಯುವಷ್ಟರಲ್ಲಿ ಜಮ್ಮುವಿನಿಂದ ಆ ಅಣ್ಣನೇ ಗುಂಪಿಗೆ ಬಂದು ಕೇಳಿದ: “ಯಾವ ಕಡೆಯಿಂದ ಹೊಡೆದಳು?” ಮೇಷ್ಟ್ರು ಕಾಗದದ ಮೇಲೆ ವೃತ್ತ, ಗೋಲು, ಚೆಂಡಿನ ದಾರಿ ಎಲ್ಲವನ್ನೂ ಬರೆದು ಫೋಟೊ ತೆಗೆದು ಹಾಕಿದರು. ಆ ಹಾಳೆಯ ಒಂದು ಮೂಲೆಯಲ್ಲಿ ಕಾಫಿ ಲೋಟದ ಗುರುತು ಇತ್ತು.

ನಾಪೋಕ್ಲಿನ ಅಕ್ಕ ಒಬ್ಬರಿದ್ದರು, ಮನೆಗೆಲಸ ಮುಗಿಸಿ ಮಧ್ಯಾಹ್ನದ ಪಂದ್ಯಗಳಿಗೆ ಕೂರುವವರು. ಅವರ ತೋಟದ ಮನೆಯಲ್ಲಿ ಸಿಗ್ನಲ್ ಸಿಗುತ್ತಿದ್ದದ್ದು ಕಣದ ಒಂದು ತುದಿಯಲ್ಲಿ ಮಾತ್ರ. ಮೈದಾನದಲ್ಲಿ ಜನ ಸೇರಿದ ದಿನ ಅಲ್ಲೂ ಸಿಗ್ನಲ್ ಕೈಕೊಡುತ್ತಿತ್ತು. ಆಗ ಎಲ್ಲವನ್ನೂ ಚೀಟಿಯಲ್ಲಿ ಬರೆದುಕೊಂಡು ಬಂದು, ಸಂಜೆ ಕಣದ ತುದಿಯಲ್ಲಿ ನಿಂತು ಸಾಲಾಗಿ ಕಳುಹಿಸುತ್ತಿದ್ದರು. ಒಮ್ಮೆ ನಾನು ತಡೆಯಲಾರದೆ ಕೇಳಿದೆ: “ಅಕ್ಕಾ, ಟೈ ಬ್ರೇಕರ್ ಏನಾಯಿತು?” ಅವರ ಉತ್ತರ: “ಇರಮ್ಮ, ಮಳೆಗೆ ಚೆಂಡೇ ಕಾಣುತ್ತಿಲ್ಲ. ಕಂಡಮೇಲೆ ಹೇಳುತ್ತೇನೆ.” ಸೇವೆಯ ಗುಣಮಟ್ಟ ಎಂದು ನಾನು ಕರೆಯುವುದು ಇದನ್ನೇ. ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದು ಹೇಳುವ ಇಂಥ ವರದಿಗಾರರು ಹಣ ಕೊಟ್ಟರೂ ಸಿಗುವುದಿಲ್ಲ.

ಆ ನಿಯಮದ ನಿಜವಾದ ಪರೀಕ್ಷೆ ನಡೆದದ್ದು ಹಾಕಿಯಲ್ಲಿ ಅಲ್ಲ. 2018ರ ಬೇಸಿಗೆಯಲ್ಲಿ ಕುಲ್ಲೇಟಿರ ಕಪ್ ಮುಗಿದಿತ್ತು. ಆಗಸ್ಟ್ ನಡುವಿನಲ್ಲಿ ಗುಡ್ಡಗಳು ಕುಸಿದವು. ಮಕ್ಕಂದೂರು, ಮುಕ್ಕೋಡ್ಲು, ಕಾಲೂರು, ಜೋಡುಪಾಲದ ಕಡೆಯಿಂದ ಸುದ್ದಿ ಬರುವುದೇ ಕಷ್ಟವಾಯಿತು, ಮಡಿಕೇರಿಯಿಂದ ಮಂಗಳೂರಿಗೆ ಹೋಗುವ ಹೆದ್ದಾರಿ ಕಡಿದುಹೋಯಿತು. ಕರೆಂಟ್ ಇಲ್ಲ, ಬಂದ ಸುದ್ದಿಯಲ್ಲಿ ಯಾವುದು ನಿಜ ಯಾವುದು ಸುಳ್ಳು ತಿಳಿಯದು. ಬೇರೆ ಗುಂಪುಗಳಲ್ಲಿ ಯಾವುದೋ ದೇಶದ ಪ್ರವಾಹದ ವಿಡಿಯೊಗಳೂ ಕೊಡಗಿನವೆಂದು ಓಡಾಡುತ್ತಿದ್ದವು. ನಮ್ಮಲ್ಲಿ ಮೇಷ್ಟ್ರು ಒಂದೇ ಸಾಲು ಬರೆದರು: “ಮೈದಾನದ ನಿಯಮವೇ ಇಲ್ಲಿಯೂ.” ಅಂದಿನಿಂದ ಬಂದ ಸಂದೇಶಗಳು ಸ್ಕೋರಿನ ಧಾಟಿಯಲ್ಲೇ ಇದ್ದವು. ಊರು, ಹೊತ್ತು, ಏನು ಕಂಡಿತು, ಕಂಡವರು ಯಾರು. “ಈ ರಸ್ತೆಯಲ್ಲಿ ಇಷ್ಟು ದೂರ ಜೀಪು ಬರುತ್ತದೆ, ಈಗ ತಾನೇ ಬಂದೆ.” “ಇಂಥ ಮನೆಯವರು ಪರಿಹಾರ ಕೇಂದ್ರದಲ್ಲಿದ್ದಾರೆ, ನಾನೇ ಮಾತನಾಡಿಸಿದೆ.” ದುಬೈನಲ್ಲಿದ್ದ ಒಬ್ಬರು ತಮ್ಮ ಅಪ್ಪ ಅಮ್ಮ ಕ್ಷೇಮವೆಂದು ತಿಳಿದದ್ದು ಈ ಗುಂಪಿನಿಂದ. ಹೇಳಿದವರು ಎಡಪಂಥೀಯರೋ ಬಲಪಂಥೀಯರೋ, ಯಾವ ಜಾತಿಯವರೋ ಯಾರೂ ಕೇಳಲಿಲ್ಲ. ಅವರು ಅಲ್ಲಿ ಇದ್ದರೇ, ಕಂಡರೇ ಎಂಬುದಷ್ಟೇ ಬೇಕಿತ್ತು. ನಾಲ್ಕೂವರೆ ಅಂಕದಲ್ಲಿ ದೊಡ್ಡ ಪಾಲು ಆ ವಾರಕ್ಕೆ ಸಲ್ಲುತ್ತದೆ.

ಆಮೇಲೆ ನಾಲ್ಕು ವರ್ಷ ಉತ್ಸವವೇ ಇಲ್ಲ. ಪ್ರಕೃತಿ ವಿಕೋಪ ಒಂದು ಕಡೆ, ಅದರ ಬೆನ್ನಿಗೇ ಕೋವಿಡ್. ಅಭಿಮಾನಿ ಬಳಗಗಳು ಸಾಯುವುದು ಇಂಥ ಹೊತ್ತಿನಲ್ಲೇ. ನಮ್ಮದು ಉಳಿದದ್ದು ಹಿರಿಯರಿಂದ. ಯಾರಾದರೊಬ್ಬರು ಹಳೆಯ ಆಟಗಾರರ ಮಾತು ತೆಗೆಯುತ್ತಿದ್ದರು: 1973ರ ವಿಶ್ವಕಪ್‌ನಲ್ಲಿ ಭಾರತದ ನಾಯಕರಾಗಿದ್ದ ಎಂ.ಪಿ. ಗಣೇಶ್, 1975ರಲ್ಲಿ ವಿಶ್ವಕಪ್ ಗೆದ್ದ ತಂಡದ ಬಿ.ಪಿ. ಗೋವಿಂದ, 1980ರ ಮಾಸ್ಕೋ ಚಿನ್ನದ ಎಂ.ಎಂ. ಸೋಮಯ್ಯ. ಅವರ ಆಟವನ್ನು ಕಣ್ಣಾರೆ ನೋಡಿದವರು ಬರೆಯುತ್ತಿದ್ದರು, ಉಳಿದವರು ಕೇಳುತ್ತಿದ್ದೆವು. 2020ರಲ್ಲಿ ಕುಟ್ಟಪ್ಪನವರು ತೀರಿಕೊಂಡಾಗ ಲಾಕ್‌ಡೌನ್ ಇತ್ತು. ಬಳಗದ ಬಹುಪಾಲು ಮಂದಿಗೆ ಕೊನೆಯ ನಮಸ್ಕಾರಕ್ಕೂ ಹೋಗಲಾಗಲಿಲ್ಲ. ಅಂದು ಗುಂಪಿನಲ್ಲಿ ಬರೆದವರಲ್ಲಿ ಕರಡದ ಮೊದಲ ಉತ್ಸವದಲ್ಲಿ ಆಡಿದವರೇ ಹಲವರಿದ್ದರು. ಕೈ ಮುಗಿಯುವ ಚಿತ್ರಗಳನ್ನು ಹಾಕಿ ಮುಗಿಸದೆ, ಅವರನ್ನು ಮೊದಲು ಎಲ್ಲಿ ಕಂಡೆ, ನನ್ನೊಡನೆ ಏನು ಮಾತನಾಡಿದರು ಎಂದು ಒಬ್ಬೊಬ್ಬರೂ ಬರೆದರು. ಬ್ಯಾಂಕ್ ಅಧಿಕಾರಿಯಾಗಿದ್ದ ಕುಟ್ಟಪ್ಪನವರು ಮನೆ ಮನೆಗೆ ಹೋಗಿ ತಂಡ ಕಟ್ಟಿಸಿದ್ದನ್ನು ನಾನು ಅರಿತದ್ದು ಆ ರಾತ್ರಿ.

2016ರ ರಿಯೊ ಒಲಿಂಪಿಕ್ಸ್ ತಂಡದಲ್ಲಿ ಕೊಡಗಿನ ರಘುನಾಥ್, ಉತ್ತಪ್ಪ, ಸುನಿಲ್, ನಿಕ್ಕಿನ್ ತಿಮ್ಮಯ್ಯ ನಾಲ್ವರೂ ಇದ್ದಾಗ ಗುಂಪಿಗೆ ಹಬ್ಬವೋ ಹಬ್ಬ. 2021ರಲ್ಲಿ ಟೋಕಿಯೊದಲ್ಲಿ ಜರ್ಮನಿಯನ್ನು 5–4ರಿಂದ ಸೋಲಿಸಿ ಕಂಚು ಗೆದ್ದ ದಿನ, ತಂಡದಲ್ಲಿ ಕೊಡಗಿನವರು ಒಬ್ಬರೂ ಇಲ್ಲವೆಂದು ಮರುಗಿದವರೂ ಇದ್ದರು, ಆ ಕೊರಗಿಗೆ ಇದು ದಿನವಲ್ಲ ಎಂದು ಗದರಿದವರೂ ಇದ್ದರು. ನಾನು ಗದರಿದವರ ಪರ.

ತಾಂತ್ರಿಕ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಶುರುವಿನಲ್ಲಿ ಒಂದು ಗುಂಪಿಗೆ 100 ಮಂದಿಯಷ್ಟೇ ಹಿಡಿಯುತ್ತಿದ್ದರು, 2016ರಲ್ಲಿ ಮಿತಿ 256 ಆಯಿತು. ಹೆಚ್ಚಿನವರಿಗಾಗಿ ಎರಡನೇ ಗುಂಪು ತೆರೆದಾಗ ಇಲ್ಲಿಯ ಸಂದೇಶವನ್ನು ಅಲ್ಲಿಗೆ ದಾಟಿಸುವ ಕೆಲಸವನ್ನು ಪೊನ್ನಂಪೇಟೆಯ ಹುಡುಗನೊಬ್ಬ ಬೇಸರವಿಲ್ಲದೆ ಮಾಡಿದ. 2022ರಲ್ಲಿ ಮಿತಿ 512ಕ್ಕೆ, ಆಮೇಲೆ 1,024ಕ್ಕೆ ಏರಿತು. ಎರಡೂ ಗುಂಪುಗಳು ಒಂದಾದವು, 2023ರಲ್ಲಿ ಅಪ್ಪಚೆಟ್ಟೋಳಂಡ ಕಪ್‌ನೊಂದಿಗೆ ಉತ್ಸವ ಮರಳಿ ಬಂದಾಗ ಎಲ್ಲರೂ ಒಂದೇ ಚಾವಡಿಯಲ್ಲಿದ್ದೆವು.

ಅರ್ಧ ಅಂಕ ಕಡಿಮೆಯಾದದ್ದು ಏಕೆ? ಮೊದಲ ವರ್ಷಗಳಲ್ಲಿ ಹೆಣ್ಣುಮಕ್ಕಳ ಆಟದ ಬಗ್ಗೆ ಬರುತ್ತಿದ್ದ ಮಾತುಗಳು. “ಪಾಪ, ಚೆನ್ನಾಗಿ ಆಡಿದಳು” ಎಂಬ ಹೊಗಳಿಕೆ ನನಗೆ ಎಂದೂ ಹಿಡಿಸಲಿಲ್ಲ. ಗಂಡಸರ ನಡುವೆ ನಿಂತು ಚೆಂಡು ಕಸಿದವಳಿಗೆ ಪಾಪ ಏಕೆ? ನಾವು ಕೆಲವರು ಹೆಂಗಸರು ಪಟ್ಟು ಹಿಡಿದು ಆ ಧಾಟಿಯನ್ನು ತಿದ್ದಿದೆವು, ಆದರೆ ಅಷ್ಟರಲ್ಲಿ ಒಳ್ಳೆಯ ಆಟಗಾರ್ತಿಯರಿಬ್ಬರು ಗುಂಪು ಬಿಟ್ಟಿದ್ದರು, ಮತ್ತೆ ಬರಲಿಲ್ಲ. ಅಂಪೈರ್ ತೀರ್ಪಿನ ಜಗಳಗಳು ರಾತ್ರಿ ಬೆಳಗಾಗುವವರೆಗೆ ಎಳೆಯುತ್ತಿದ್ದದ್ದೂ ಉಂಟು. ವಾಲಗದ ಸದ್ದಿನ ನಡುವೆ ದಾಖಲಿಸಿ ಕಳುಹಿಸಿದ ಧ್ವನಿ ಸಂದೇಶಗಳಿಂದ ಯಾರಿಗೂ ಏನೂ ತಿಳಿಯುತ್ತಿರಲಿಲ್ಲ.

ನೇರ ಪ್ರಸಾರ ಇರುವಾಗ ಇದರ ಅಗತ್ಯವೇನು ಎಂದು ಕೇಳುವವರಿಗೆ ನನ್ನ ಅನುಭವದ ಉತ್ತರ ಇದು. ಪ್ರಸಾರ ಚೆನ್ನಾಗಿದೆ, ನಾನೂ ಊಟದ ಬಿಡುವಿನಲ್ಲಿ ನೋಡುತ್ತೇನೆ, ವೀಕ್ಷಕ ವಿವರಣೆ ಕೊಡವರ ಭಾಷೆಯಾದ ಕೊಡವ ತಕ್ಕ್‌ನಲ್ಲಿ ಬಂದಾಗ ಕಿವಿ ತುಂಬುತ್ತದೆ. ಕ್ಯಾಮೆರಾ ಚೆಂಡಿನ ಹಿಂದೆ ಓಡುತ್ತದೆ. ಗೆರೆಯ ಆಚೆ ಕುಳಿತ ಅಜ್ಜಿ ತನ್ನ ತವರಿನ ತಂಡಕ್ಕೂ ಸೇರಿದ ಮನೆಯ ತಂಡಕ್ಕೂ ಪಂದ್ಯ ಬಿದ್ದಾಗ ಯಾರಿಗೆ ಚಪ್ಪಾಳೆ ತಟ್ಟಿದಳು ಎಂಬುದನ್ನು ಬಳಗದವರು ಬರೆಯುತ್ತಿದ್ದರು. ಆ ಸಲ ಅವಳು ಇಬ್ಬರಿಗೂ ತಟ್ಟಿ, ಟೈ ಬ್ರೇಕರ್ ಬಂದಾಗ ಎದ್ದು ಹೋದಳಂತೆ. ಹಾಗೆ ಬರೆಯುವುದಕ್ಕೆ ಒಬ್ಬರು ಬಿಸಿಲಲ್ಲಿ ದಿನವಿಡೀ ಕೂರಬೇಕು, ಸಂಬಂಧಗಳ ಅರಿವಿರಬೇಕು, ಬರೆದದ್ದಕ್ಕೆ ಹೊಣೆಯಾಗಬೇಕು. ಅಷ್ಟು ಕೆಲಸವನ್ನು ಇನ್ನೂ ಮಾಡಿ ಎಂದು ಮೇಷ್ಟ್ರಿಗೆ ಹೇಳುವ ಹಕ್ಕು ನನಗಿಲ್ಲ. ಮುಚ್ಚುವ ತೀರ್ಮಾನ ಸರಿಯಾದದ್ದೇ. ಶುಭೋದಯದ ಹೂವಿನ ಚಿತ್ರಗಳೂ ಸಾಲದ ಜಾಹೀರಾತುಗಳೂ ತುಂಬಿಕೊಂಡು, ಯಾರೂ ಓದದೆ ಬಿದ್ದಿರುವ ಗುಂಪುಗಳನ್ನು ನಾವೆಲ್ಲ ಕಂಡಿದ್ದೇವೆ. ನಮ್ಮದಕ್ಕೆ ಆ ಗತಿ ಬರಬಾರದು.

ಬಳಗದ ಸದಸ್ಯರಿಗೆ ಕೊನೆಯದಾಗಿ ಒಂದಿಷ್ಟು ಕೆಲಸದ ಮಾತು. ಚಾಟ್ ರಫ್ತು ಮಾಡುವಾಗ ಇಂತಿಷ್ಟು ಸಂದೇಶಗಳ ಮಿತಿ ಇರುತ್ತದೆ, ಫೋಟೊ ಸಮೇತ ತೆಗೆದರೆ ಇನ್ನೂ ಕಡಿಮೆ ಬರುತ್ತದೆ. ಆದ್ದರಿಂದ ಅದೊಂದನ್ನೇ ನಂಬಬೇಡಿ. ನಿಮಗೆ ಬೇಕಾದ ವರ್ಷದ ಫೋಟೊಗಳನ್ನು ಬೇರೆಯಾಗಿ ಇಳಿಸಿಕೊಳ್ಳಿ. ಮೇಷ್ಟ್ರು ಬರೆದ ಗೋಲಿನ ಚಿತ್ರಗಳನ್ನು ನಾನು ಒಂದೆಡೆ ಸೇರಿಸಿದ್ದೇನೆ, ಕೇಳಿದವರಿಗೆ ಕಳುಹಿಸುತ್ತೇನೆ. 2018ರ ಕುಲ್ಲೇಟಿರ ಕಪ್‌ನ ತಂಡಗಳ ಫೋಟೊಗಳಲ್ಲಿ ಹಲವಕ್ಕೆ ಇನ್ನೂ ಹೆಸರುಗಳಿಲ್ಲ. ಅವುಗಳನ್ನು ದಿನಕ್ಕೆ ಕೆಲವಂತೆ ಮತ್ತೆ ಗುಂಪಿಗೆ ಹಾಕುತ್ತಿದ್ದೇನೆ. ಅಂದು ಮೈದಾನದಲ್ಲಿದ್ದವರು, ಎಡದಿಂದ ಬಲಕ್ಕೆ, ಸಂಕ್ರಮಣದೊಳಗೆ ಹೆಸರು ಬರೆದುಕೊಡಿ. ನಿಯಮ ಗೊತ್ತೇ ಇದೆ, ಅಂದಾಜು ಬೇಡ.